ಸೀಟು ಕೊಡದ ಕೌನ್ಸೆಲಿಂಗ್ ಮೇಡಂ

ನಮ್ಮ ಕಡೆ ಕೌನ್ಸೆಲಿಂಗ್ ಎಂದರೆ ಸೀಟು. ಸಿಇಟಿ ಬರೆದ ಮಕ್ಕಳಿಗೆ ರ‍್ಯಾಂಕಿನ ಪ್ರಕಾರ ಕಾಲೇಜು ಹಂಚುತ್ತಾರಲ್ಲ, ಅದು. ಮೊದಲನೇ ರೌಂಡು, ಎರಡನೇ ರೌಂಡು, ಆಮೇಲೆ ಉಳಿದ ಪಳಿದದ್ದಕ್ಕೆ ಇನ್ನೊಂದು ರೌಂಡು. ದೊಡ್ಡಬಳ್ಳಾಪುರದಿಂದ ಹೊಸಕೋಟೆಯವರೆಗೆ ಯಾವ ಹಳ್ಳಿಯ ಅರಳಿಕಟ್ಟೆಯ ಮೇಲೆ ಕೇಳಿದರೂ ಆ ಪದಕ್ಕೆ ಇದೇ ಅರ್ಥ ಹೇಳುತ್ತಾರೆ. ಮನಸ್ಸು ಕೆಟ್ಟಾಗ ಒಬ್ಬರ ಮುಂದೆ ಕೂತು ಮಾತಾಡುವುದಕ್ಕೂ ಅದೇ ಹೆಸರು ಎಂದರೆ ನಗುತ್ತಾರೆ. ಮಾತಾಡೋದಕ್ಕೂ ಒಂದು ಇಂಗ್ಲಿಷ್ ಹೆಸರು ಬೇಕಾ ಸ್ವಾಮಿ ಎನ್ನುತ್ತಾರೆ.

ಹೋದ ವಾರ ಸೂಲಿಬೆಲೆಯ ಹತ್ತಿರದ ಒಂದು ಊರಿನಲ್ಲಿ ಒಬ್ಬ ಹೆಂಗಸನ್ನು ಮಣ್ಣು ಮಾಡಿ ಬಂದೆವು. ಈ ಎರಡು ಅರ್ಥಗಳ ನಡುವೆ ಸಿಕ್ಕಿ ಕೆಲಸ ಕಳೆದುಕೊಂಡವರು ಅವರು. ಹೆಸರು ಬರೆಯುವುದಿಲ್ಲ. ತಮ್ಮ ಹತ್ತಿರ ಬಂದ ಒಬ್ಬ ವಿದ್ಯಾರ್ಥಿಯ ಹೆಸರನ್ನೂ ಅವರು ಯಾರ ಮುಂದೆಯೂ ಬಾಯಿ ಬಿಟ್ಟವರಲ್ಲ. ಅಂಥವರ ಹೆಸರನ್ನು ಪತ್ರಿಕೆಗೆ ಹಾಕುವ ಮನಸ್ಸು ನನಗಿಲ್ಲ.

ದೇವನಹಳ್ಳಿ ದಾಟಿದ ಮೇಲೆ ದ್ರಾಕ್ಷಿ ತೋಟಗಳ ಮಧ್ಯೆ ಗಾಜಿನ ಕಟ್ಟಡಗಳು ಎದ್ದು ನಿಂತಿವೆಯಲ್ಲ, ಅಂಥ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಕನ್ನಡ ಮೇಷ್ಟ್ರು. ಅಲ್ಲಿ ಕನ್ನಡ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಉಂಟೋ ಅಷ್ಟೇ ಮರ್ಯಾದೆ ಕೌನ್ಸೆಲಿಂಗ್ ಮೇಡಂಗೂ ಇತ್ತು. ಹಾಗಾಗಿ ಇಬ್ಬರಿಗೂ ಒಂದೇ ಕೋಣೆಯನ್ನು ನಡುವೆ ಪ್ಲೈವುಡ್ ಹೊಡೆದು ಹಂಚಿಕೊಟ್ಟಿದ್ದರು. ನಾನು ಕೆಮ್ಮಿದರೆ ಅವರು ಆ ಕಡೆಯಿಂದ "ಬಿಸಿನೀರು ಕುಡೀರಿ ಸರ್" ಎನ್ನುತ್ತಿದ್ದರು. ಗುಟ್ಟು ಹೇಳಿಕೊಳ್ಳಲು ಬರುವ ಮಕ್ಕಳಿಗೆ ಇಂಥ ಕೋಣೆ! ಕಟ್ಟಿಸಿದವನ ತಲೆಯಲ್ಲಿ ಏನಿತ್ತೋ.

ಅವರ ಬಾಗಿಲ ಮೇಲೆ 'ಕೌನ್ಸೆಲಿಂಗ್ ಸೆಲ್' ಎಂಬ ಬೋರ್ಡಿತ್ತು. ಹುಡುಗರು ಅದನ್ನು ಬರೀ 'ಸೆಲ್' ಮಾಡಿಕೊಂಡಿದ್ದರು. "ಅವನು ಎಲ್ಲೋ?" "ಸೆಲ್ಲಿಗೆ ಹಾಕವ್ರೆ ಗುರು." ಬೋರ್ಡು ತೆಗೆಸಿ 'ಮಾತಾಡೋ ರೂಮು' ಅಂತ ಬರೆಸಿಕೊಡಿ ಎಂದು ಮೇಡಂ ಅರ್ಜಿ ಕೊಟ್ಟಿದ್ದರು. ತಪಾಸಣೆಗೆ ಬರುವವರು ಕೌನ್ಸೆಲಿಂಗ್ ಎಂಬ ಪದವನ್ನೇ ಹುಡುಕುತ್ತಾರೆ, ಅದು ಕಾಣದಿದ್ದರೆ ಸಂಸ್ಥೆಯ ಅಂಕ ಹೋಗುತ್ತದೆ ಎಂದು ಕುಲಸಚಿವರು ನಕ್ಕು ಕಳಿಸಿದ್ದರು.

ತಪಾಸಣೆಯ ಹಿಂದಿನ ದಿನ ಕುಲಸಚಿವರ ಕೋಣೆಯ ಸೋಫಾ ಈ ಕೋಣೆಗೆ ಬರುತ್ತಿತ್ತು. ಅದರ ಹಿಂದೆಯೇ ಗಾಜಿನ ಮೀನಿನ ತೊಟ್ಟಿ. ನಗುತ್ತಿರುವ ಮಕ್ಕಳ ದೊಡ್ಡ ಚಿತ್ರ. ತಂಡದವರು ಫೋಟೋ ತೆಗೆಸಿಕೊಂಡು ಹೋದ ಮೇಲೆ ಸಂಜೆಯೊಳಗೆ ಎಲ್ಲ ವಾಪಸ್ಸು. ಒಂದು ಸಲ ತೊಟ್ಟಿ ಹೊತ್ತುಕೊಂಡು ಹೋಗುವವರನ್ನು ನೋಡುತ್ತಾ ಮೇಡಂ ಹೇಳಿದರು: "ನಿಜವಾಗ್ಲೂ ಕೌನ್ಸೆಲಿಂಗ್ ಬೇಕಾಗಿರೋದು ಆ ಮೀನುಗಳಿಗೆ ಸರ್. ಪಾಪ, ಪ್ರತಿಸಲ ಮನೆ ಖಾಲಿ ಮಾಡಿಸ್ತಾರೆ."

ಸೀಟು ಹಂಚುವ ತಿಂಗಳು ಬಂತೆಂದರೆ ಬೋರ್ಡು ನೋಡಿಕೊಂಡು ಹಳ್ಳಿಯ ಅಪ್ಪ ಅಮ್ಮಂದಿರು ಅಂಕಪಟ್ಟಿ ಹಿಡಿದು ನೇರ ಒಳಗೆ ನುಗ್ಗುತ್ತಿದ್ದರು. "ತಾಯಿ, ಕಂಪ್ಯೂಟರ್ ಸೈನ್ಸೇ ಕೊಡಿಸಬೇಕು, ನಿಮ್ಮ ಕಾಲಿಗೆ ಬೀಳ್ತೀನಿ." ಮೇಡಂ ಸಿಡುಕುತ್ತಿರಲಿಲ್ಲ. "ಸೀಟು ಇಲ್ಲಿ ಕೊಡಲ್ಲ ಯಜಮಾನ್ರೇ. ಕೂತ್ಕೊಳ್ಳೋ ಸೀಟು ಮಾತ್ರ ಐತೆ. ಕೂತ್ಕೊಳಿ, ಬಿಸಿಲಲ್ಲಿ ಬಂದಿದ್ದೀರಿ." ನೀರು ಕೊಟ್ಟು ಎರಡು ಮಾತಾಡಿಸಿ ಸರಿಯಾದ ಕಟ್ಟಡ ತೋರಿಸಿ ಕಳಿಸುವರು. ಆ ಕಡೆಯಿಂದ ನಗು ಕೇಳಿಸುತ್ತಿತ್ತು. ನಾನೂ ನಗುತ್ತಿದ್ದೆ. ನಗುವ ವಿಷಯವೇ ಆಗಿತ್ತು ಅದು, ಆಗ.

ಪ್ಲೈವುಡ್ಡಿನ ಗೋಡೆಗೆ ಅವರು ಕಂಡುಕೊಂಡ ಉಪಾಯ ಅವರೆಕಾಯಿ. ಚಳಿಗಾಲದಲ್ಲಿ ಊರಿಂದ ಒಂದು ಚೀಲ ಸೊಗಡವರೆ ತಂದು ಹಿಂದಿನ ಜಗುಲಿಯಲ್ಲಿ ಸುರಿಯುವರು. ಬಂದ ಹುಡುಗ ಹುಡುಗಿಯನ್ನು ಎದುರಿಗೆ ಕೂರಿಸಿ "ತಗೋ, ಬಿಡಿಸು" ಎನ್ನುವರು. ಅವರೆ ಮುಗಿದರೆ ಬೇಸಿಗೆಗೆ ನಲ್ಲೂರಿನ ನೆಂಟರ ಮನೆಯ ಹುಣಸೆಹಣ್ಣು, ಬೀಜ ಬಿಡಿಸಲು. ಅದೂ ಇಲ್ಲದಾಗ ಒಂದು ರಾಶಿ ಕನಕಾಂಬರ, ಕಟ್ಟಲು. "ಕೈಗೆ ಕೆಲಸ ಕೊಟ್ರೆ ಬಾಯಿ ತಾನಾಗೇ ಬಿಚ್ಕೊಳ್ಳುತ್ತೆ ಸರ್. ಸುಮ್ನೆ ಮುಖ ಮುಖ ನೋಡ್ಕೊಂಡು ಕೂತ್ರೆ ಅದು ಇಂಟರ್‌ವ್ಯೂ." ದೆಹಲಿ ಕಡೆಯ ಹುಡುಗನೊಬ್ಬ, ಹೆತ್ತ ತಾಯಿಗೆ ಒಂದು ಲೋಟ ತೊಳೆದುಕೊಟ್ಟವನಲ್ಲ, ನಮ್ಮ ಹಿತಕಿದ ಬೇಳೆಗೆ ಕಾಳು ಹಿಚುಕುತ್ತಾ ಗಳಗಳ ಅತ್ತದ್ದನ್ನು ನಾನೇ ದೂರದಿಂದ ನೋಡಿದ್ದೇನೆ. ಆಡಳಿತದವರು ಇದೇನು ಸಂತೆಯಾ ಎಂದು ನೋಟಿಸು ಕೊಟ್ಟರು. ಮರುದಿನ ಅವರೆಕಾಯಿಯ ಚೀಲ ಗಾತ್ರದಲ್ಲಿ ದೊಡ್ಡದಾಗಿತ್ತು.

ಎದುರಿಗಿದ್ದವರ ಕಣ್ಣು ತುಂಬಿಕೊಂಡರೆ ಅವರು ತಮ್ಮ ದಪ್ಪ ಗಾಜಿನ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಒರೆಸಿಕೊಳ್ಳಲು ಇರಬಹುದು ಎಂದುಕೊಂಡಿದ್ದೆ. ಕೇಳಿದ್ದಕ್ಕೆ, "ಇದು ತೆಗೆದ್ರೆ ನನಗೆ ಎದುರಿನೋರ ಮುಖ ಕಾಣಲ್ಲ. ಅಳೋರಿಗೆ ಅಷ್ಟು ಸಲೀಸು ಬೇಡ್ವಾ?" ಎಂದರು. 'ಯಾಕೆ' ಎಂಬ ಪದವನ್ನು ಅವರು ಮಕ್ಕಳ ಮುಂದೆ ಬಳಸುತ್ತಿರಲಿಲ್ಲ. ಯಾಕೆ ಅನ್ನೋದು ಪೊಲೀಸ್ನೋರ ಪ್ರಶ್ನೆ, ಕೇಳಿದ ತಕ್ಷಣ ಎದುರಿನವರು ಸುಳ್ಳು ಹುಡುಕೋಕೆ ಶುರು ಮಾಡ್ತಾರೆ ಎನ್ನುವುದು ಅವರ ವಾದ.

ಹಾಗೆಂದು ದೇವತೆಯೇನಲ್ಲ. ನಾಲಗೆ ಬಲು ಚೂಪು. ಹಾಸ್ಟೆಲಿನ ವಾರ್ಡನ್ನಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಸೂಲಿಬೆಲೆ ಬಸ್ಸಿನ ನೆಪ ಹೇಳಿ ವಾರಕ್ಕೆರಡು ದಿನ ತಡವಾಗಿ ಬರುವರು. ಕ್ಯಾಂಟೀನಿನವನು ಒಮ್ಮೆ ತಣ್ಣಗಿನ ಕಾಫಿ ಕೊಟ್ಟನೆಂದು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಟೀವಿ ಧಾರಾವಾಹಿಯ ಸೊಸೆಯರ ಮೇಲೆ ಅವರಿಗಿದ್ದ ಕೋಪ ನಿಜವಾದ ಮನುಷ್ಯರ ಮೇಲೂ ಇರಲಿಲ್ಲ.

ಇನ್ನು ಆ ಹುಡುಗಿಯ ವಿಷಯ ಬರೆಯಬೇಕು. ಬರೆಯುವುದಕ್ಕೆ ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಬೂದಿಗೆರೆ ಕಡೆಯವಳು, ಬಿ.ಎಸ್ಸಿ. ಎರಡನೇ ವರ್ಷ. ಅಪ್ಪ ದ್ರಾಕ್ಷಿ ಬೆಳೆಯುವ ರೈತ, ಹಸು ಕಟ್ಟಿಕೊಂಡವನು, ತಕ್ಕಮಟ್ಟಿಗೆ ಅನುಕೂಲವಾಗಿದ್ದ ಮನೆ. ಇವಳ ಬೆನ್ನಿಗೆ ಒಬ್ಬ ತಂಗಿ. ಮಗಳು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಬೇಕೆಂದು ಅಪ್ಪನಿಗೆ ಬಹಳ ಆಸೆ. ಸೀಟು ಸಿಗದೆ ನಮ್ಮಲ್ಲಿಗೆ ಸೇರಿಸಿದ್ದರು. ಆ ವರ್ಷ ಮತ್ತೆ ಸಿಇಟಿ ಬರೆಸಿದ್ದರು. ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು ಏನನ್ನೂ ಕೇಳದೆ ಎಲ್ಲವನ್ನೂ ಚೆನ್ನಾಗಿ ಬರೆಯುತ್ತಿದ್ದಳು. ಮೇಡಂ ಹತ್ತಿರ ಹೋಗಿ ಬರುತ್ತಿದ್ದಾಳೆಂದು ಗೊತ್ತಿತ್ತು. ಏನು ಎತ್ತ ಎಂದು ನನಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ್ದೂ ಅಲ್ಲ.

ಮಳೆಗಾಲ, ಕನಕಾಂಬರದ ಕಾಲ. ಒಂದು ಮಧ್ಯಾಹ್ನ ಮೇಡಂ ನನ್ನ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಒಂದು ಹಿಡಿ ಬಿಡಿ ಹೂವು, ದಾರ.

"ಕಟ್ಟಿದ ಮಾಲೇನೆಲ್ಲ ಬಿಚ್ಚಿಟ್ಟು ಹೋಗವ್ಳೆ ಸರ್. ಒಂದು ಹೂವೂ ಕಿತ್ತಿಲ್ಲ, ನೀಟಾಗಿ ಬಿಚ್ಚವ್ಳೆ. ನಂಗೆ ಇದು ಸರಿ ಕಾಣ್ತಿಲ್ಲ."

ಯಾರೆಂದು ಅವರು ಹೇಳಲಿಲ್ಲ. ಹುಡುಗಿ ಆಗಷ್ಟೇ ನನ್ನ ಕಿಟಕಿಯ ಮುಂದೆ ನಡೆದು ಹೋಗಿದ್ದಳು.

ಅಂದೇ ಅವರು ವಾರ್ಡನ್ ಹತ್ತಿರ ಹೋಗಿ, ಹಳೆಯ ಜಗಳವನ್ನೆಲ್ಲ ಬದಿಗಿಟ್ಟು, ಅವಳನ್ನು ಒಬ್ಬಳನ್ನೇ ಬಿಡಬೇಡಿ ಎಂದು ಕೈ ಹಿಡಿದು ಹೇಳಿದರು. ಅಪ್ಪ ಅಮ್ಮ ಬಂದು ಕರೆದುಕೊಂಡು ಹೋಗಬೇಕು, ಜೊತೆಗೆ ತಾವೂ ಹೋಗಿ ಬೆಂಗಳೂರಿನ ಡಾಕ್ಟರಿಗೆ ತೋರಿಸಬೇಕು ಎಂದು ತೀರ್ಮಾನಿಸಿದರು. ಆದರೆ ಮನೆಗೆ ಫೋನು ಮಾಡುವ ಅಧಿಕಾರ ಅವರಿಗಿರಲಿಲ್ಲ. ಪೋಷಕರಿಗೆ ಏನೇ ಹೇಳುವುದಿದ್ದರೂ ವಿದ್ಯಾರ್ಥಿ ಕ್ಷೇಮ ವಿಭಾಗದ ಅಧಿಕಾರಿಯೇ ಹೇಳಬೇಕೆಂಬುದು ಅಲ್ಲಿನ ಕಟ್ಟಳೆ. ನಂಬರೂ ಅಲ್ಲೇ ಇರುತ್ತಿತ್ತು. ಅರ್ಜೆಂಟು, ನಾಳೆಯೇ ಬರಲು ಹೇಳಿ ಎಂದು ಅಧಿಕಾರಿಗೆ ಹೇಳಿ, ಅವರು ಡಯಲ್ ಮಾಡುವುದನ್ನು ಕಣ್ಣಾರೆ ನೋಡಿ ಮೇಡಂ ಮತ್ತೆ ಹುಡುಗಿಯ ಹತ್ತಿರ ಓಡಿದರು.

ಆ ಫೋನಿನಲ್ಲಿ ಏನು ಮಾತಾಯಿತು ಎಂಬುದು ನಮಗೆ ಪೂರ್ತಿಯಾಗಿ ಆಮೇಲೆ ವಿಚಾರಣೆಯಲ್ಲಿ ತಿಳಿಯಿತು. ಅಧಿಕಾರಿ ಹೇಳಿದ್ದು: "ನಿಮ್ಮ ಮಗಳಿಗೆ ಕೌನ್ಸೆಲಿಂಗ್ ಇದೆ, ನಾಳೆ ಬನ್ನಿ." ಅಪ್ಪ ಹೇಳಿದ್ದು: "ಬಲೇ ಸಂತೋಷ ಸಾರ್. ಆದ್ರೆ ಮೊದಲ್ನೇ ರೌಂಡಲ್ಲಿ ಒಪ್ಕೋಬೇಡಿ, ಒಳ್ಳೇದು ಸಿಗಲ್ಲ ಅಂತ ತಿಳಿದೋರು ಹೇಳವ್ರೆ. ನಾವು ಎರಡನೇ ರೌಂಡಿಗೇ ಬರ್ತೀವಿ."

ಅಧಿಕಾರಿಗೆ ಆ ಹೊತ್ತಿಗೆ ಇನ್ನೊಂದು ಫೋನು ಹೊಡೆದುಕೊಳ್ಳುತ್ತಿತ್ತು. ನಾಳೆ ಆಗಲ್ಲವಂತೆ, ಮುಂದೆ ಯಾವಾಗಲೋ ಬರುತ್ತಾರಂತೆ ಎಂದು ಮೇಡಂಗೆ ಹೇಳಿ ಕಳಿಸಿದರು. ಇದೆಂಥ ತಂದೆ ಎಂದು ಮೇಡಂ ಕುದ್ದುಹೋದರು. ಬೆಳಿಗ್ಗೆ ನಾನೇ ಬೂದಿಗೆರೆಗೆ ಹೋಗಿ ಎಳ್ಕೊಂಡು ಬರ್ತೀನಿ ಎಂದು ನನಗೆ ಹೇಳಿ, ಊರಿಗೂ ಹೋಗದೆ ಹಾಸ್ಟೆಲಿನ ಅತಿಥಿ ಕೋಣೆಯಲ್ಲೇ ಉಳಿದರು. ಬೆಳಗಾಗುವ ಹೊತ್ತಿಗೆ ಹುಡುಗಿ ಬದುಕಿರಲಿಲ್ಲ. ಹೇಗೆ ಏನು ಎಂದು ಬರೆಯುವುದಿಲ್ಲ. ಅವಳ ಬಗ್ಗೆ ಕೇಳುವುದಕ್ಕೆ ಬೇರೆ ಎಷ್ಟೋ ಒಳ್ಳೆಯ ವಿಷಯಗಳಿದ್ದವು.

ಆಸ್ಪತ್ರೆಯ ಅಂಗಳದಲ್ಲಿ ಅಪ್ಪ ಕೂತಿದ್ದ. ಹೆಂಡತಿಯನ್ನು ಯಾರೋ ಹಿಡಿದುಕೊಂಡಿದ್ದರು. ನಮ್ಮನ್ನು ಕಂಡು ಎದ್ದು ನಿಂತ. ಅಂಥ ಹೊತ್ತಿನಲ್ಲೂ ಮೇಷ್ಟ್ರು ಬಂದರೆಂದು ಎದ್ದು ನಿಲ್ಲುವ ಜನ. ಮೇಡಂ ಕಡೆ ತಿರುಗಿ ಕೇಳಿದ:

"ಅಮ್ಮಾ, ನಿನ್ನೆ ಕೌನ್ಸೆಲಿಂಗ್ ಅಂತ ಫೋನ್ ಬಂದಿತ್ತು. ಯಾವ ಸೀಟಮ್ಮ ಬಂದಿದ್ದು ನನ್ನ ಮಗಳಿಗೆ? ಅಗ್ರಿಕಲ್ಚರಾ?"

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೇಡಂ ಮುಖ ನೋಡಿದೆ. ಅವರು ಕನ್ನಡಕ ತೆಗೆಯಲಿಲ್ಲ. ಆತನ ಮುಖವನ್ನೇ ನೆಟ್ಟಗೆ ನೋಡುತ್ತಾ ಹೇಳಿದರು:

"ಹೂಂ ಯಜಮಾನ್ರೇ, ಸೀಟಿನ ವಿಷ್ಯಾನೇ. ನೀವು ಬಂದಿದ್ರೂ ಸಿಗ್ತಿರ್ಲಿಲ್ಲ. ನೀವೇನೂ ತಪ್ಪು ಮಾಡಿಲ್ಲ."

ಆತ ತಲೆಯಾಡಿಸಿ ಮತ್ತೆ ಕೂತ.

ವಿಚಾರಣಾ ಸಮಿತಿ ಕೂತಿತು. ಸಾಯುವ ಮುನ್ನ ಒಂದು ಕುರ್ಚಿ ಸಿಗದ ಕಡೆ ಸತ್ತ ಮೇಲೆ ಸಮಿತಿಗೆ ಎಷ್ಟೊಂದು ಕುರ್ಚಿ ಬರುತ್ತವೆ ನೋಡಿ! ಸಂಸ್ಥೆಗೆ ಬೇಕಿದ್ದದ್ದು ಒಂದೇ ಸಾಲು: ಪೋಷಕರಿಗೆ ಮುಂಚಿತವಾಗಿ ತಿಳಿಸಲಾಗಿತ್ತು, ಅವರು ಬರಲಿಲ್ಲ. ಆ ಸಾಲಿಗೆ ಮೇಡಂ ಸಹಿ ಹಾಕಿದ್ದರೆ ಅವರ ಕೆಲಸವೂ ಉಳಿಯುತ್ತಿತ್ತು, ಎಲ್ಲರ ಕುರ್ಚಿಯೂ ಉಳಿಯುತ್ತಿತ್ತು. ತಪ್ಪೆಲ್ಲ ಬೂದಿಗೆರೆಯ ಆ ಮನುಷ್ಯನ ಹೆಗಲಿಗೆ ಹೋಗುತ್ತಿತ್ತು.

"ತಿಳಿಸಿಲ್ಲ," ಎಂದರು ಮೇಡಂ.

"ಫೋನ್ ಮಾಡಿದ್ದೀವಲ್ರೀ! ದಾಖಲೆ ಇದೆ," ಎಂದರು ಕುಲಸಚಿವರು.

"ಫೋನ್ ಮಾಡಿದ್ದೀರಿ. ತಿಳಿಸಿಲ್ಲ. ಅವರಿಗೆ ಗೊತ್ತಿರೋ ಕೌನ್ಸೆಲಿಂಗೇ ಬೇರೆ, ನೀವು ಹೇಳಿದ್ದೇ ಬೇರೆ. ಆ ಬೋರ್ಡು ತೆಗೀರಿ ಅಂತ ನಾನು ಆವತ್ತೇ ಬರ್ಕೊಟ್ಟಿದ್ದೆ."

ನಾನು ಅಲ್ಲೇ ಇದ್ದೆ, ಅವಳ ತರಗತಿಯ ಮೇಷ್ಟ್ರು ಎಂದು ಕರೆದಿದ್ದರು. ಮೇಡಂ ಹೇಳಿದ್ದು ನಿಜ ಎಂದು ಹೇಳಿ ಬಂದೆ. ನನ್ನ ಮಾತನ್ನು ಬರೆದುಕೊಂಡರೋ ಬಿಟ್ಟರೋ. ಸಮಾಲೋಚಕರು ಪೋಷಕರಿಗೆ ತಿಳಿಸಿಲ್ಲವೆಂದು ತಾವೇ ಒಪ್ಪಿಕೊಂಡಿದ್ದಾರೆ ಎಂದು ವರದಿಯಾಯಿತು. ಅವರ ಮಾತನ್ನೇ ತಿರುಚಿ ಅವರ ಕೊರಳಿಗೆ ಹಾಕಿದರು. ಮುಂದಿನ ವರ್ಷಕ್ಕೆ ಅವರ ಕರಾರು ಮುಂದುವರಿಯಲಿಲ್ಲ. ಬೋರ್ಡು ಮಾತ್ರ ಹಾಗೇ ಉಳಿಯಿತು.

ಹೊರಡುವ ಮುಂಚೆ ನಾವಿಬ್ಬರೂ ಜೋರಾಗಿ ಜಗಳವಾಡಿದೆವು. ಕೋಣೆ ಖಾಲಿ ಮಾಡುತ್ತಿದ್ದರು, ಹುಣಸೆಹಣ್ಣಿನ ಡಬ್ಬ ಕಟ್ಟುತ್ತಿದ್ದರು. ನಾನು ಕೇಳಿಬಿಟ್ಟೆ:

"ಆ ಅಪ್ಪನಿಗೆ ನೀವು ಸುಳ್ಳು ಹೇಳಿದ್ದು ಸರಿಯಾ ಮೇಡಂ? ಮನೇಲಿ ಇನ್ನೊಬ್ಬಳಿದ್ದಾಳೆ. ನಾಳೆ ಅವಳೂ ಮಾತು ಬಿಟ್ಟು ಕೂತ್ರೆ, ಅವಳ ಕಾಲೇಜಿನಿಂದಲೂ ಕೌನ್ಸೆಲಿಂಗ್ ಅಂತ ಫೋನ್ ಬಂದ್ರೆ, ಆತ ಮತ್ತೆ ಎರಡನೇ ರೌಂಡಿಗೆ ಬರ್ತೀನಿ ಅಂತಾನೆ."

"ಬಾಯ್ಮುಚ್ರೀ ಸರ್," ಎಂದರು. ನನಗೆ ಅವರು ಹಾಗೆ ಹೇಳಿದ್ದು ಅದೇ ಮೊದಲು. ಡಬ್ಬದ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಗಾಯದ ಮೇಲೆ ಬರೆ ಹಾಕೋಕೆ ನಂಗೆ ಕೈ ಬರ್ಲಿಲ್ಲ. ನೀವು ಹೇಳ್ತಿರೋದೂ ನಿಜ. ಅದೇ ಆವತ್ತಿಂದ ತಲೇಲಿ ಕೊರೀತಿದೆ. ನಿಜ ಹೇಳಿದ್ರೆ ಆತ ಉಳಿಯಲ್ಲ, ಹೇಳದಿದ್ರೆ ಚಿಕ್ಕೋಳು ಉಳಿಯಲ್ಲ. ಯಾರ್ನ ಬಿಡ್ಲಿ ಹೇಳಿ?"

ನಾನು ಆ ಡಬ್ಬ ಹೊತ್ತುಕೊಂಡು ಬಸ್ಸಿನವರೆಗೆ ಹೋದೆ. ವಾದ ಮಾಡುವವರ ಹಣೆಬರಹವೇ ಅಷ್ಟು.

ಕೆಲವು ತಿಂಗಳು ಕಳೆದ ಮೇಲೆ ಅವರು ಬೂದಿಗೆರೆಗೆ ಹೋದರು. ನನಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ದನದ ಕೊಟ್ಟಿಗೆಯ ಪಕ್ಕ ಕೂತು ಆ ಅಪ್ಪನಿಗೆ ಎಲ್ಲ ಹೇಳಿದೆ. ಕೌನ್ಸೆಲಿಂಗ್ ಅಂದ್ರೆ ಏನು ಅಂತ ಹೇಳಿದೆ. ಚಿಕ್ಕೋಳು ಊಟ ಬಿಟ್ರೆ, ನಿದ್ದೆ ಬಿಟ್ರೆ, ಇಷ್ಟಪಟ್ಟಿದ್ದೆಲ್ಲ ಬೇರೆಯೋರಿಗೆ ಕೊಡೋಕೆ ಶುರು ಮಾಡಿದ್ರೆ ಕಾಯಬೇಡಿ, ಕೂತು ಮಾತಾಡಿ, ಡಾಕ್ಟರ್ ಹತ್ರ ಕರ್ಕೊಂಡು ಹೋಗಿ ಅಂತ ಹೇಳಿದೆ. ಆತ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ: "ಇದನ್ನ ಈಗ ಯಾಕಮ್ಮ ಹೇಳಿದೆ?" ಆತನ ಹೆಂಡತಿ ಕಾಫಿ ತಂದಿದ್ದರು. ಲೋಟವನ್ನು ಕೈಗೆ ಕೊಡಲು ಆತ ಬಿಡಲಿಲ್ಲ. ಎದ್ದು ಬಾಗಿಲು ತೋರಿಸಿದ.

"ಸರಿಯಾಗೇ ಮಾಡ್ದ ಬಿಡಿ," ಎಂದು ಮೇಡಂ ಫೋನಿಟ್ಟರು.

ಆಮೇಲೆ ಅವರಿಗೆ ಯಾವ ಕಾಲೇಜಿನಲ್ಲೂ ಕೆಲಸ ಸಿಗಲಿಲ್ಲ. ಸಮಿತಿಯ ವರದಿ ಅವರಿಗಿಂತ ಮುಂಚೆ ಎಲ್ಲ ಕಡೆ ತಲುಪುತ್ತಿತ್ತು. ಊರಲ್ಲಿ ಅಣ್ಣನ ಮನೆಯಲ್ಲಿದ್ದು ಡೈರಿಯ ಹಾಲಿನ ಲೆಕ್ಕ ಬರೆದುಕೊಂಡಿದ್ದರು. ನಾನು ವರ್ಷಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಮಾತು ಕಡಿಮೆಯಾಗಿತ್ತು. ಧಾರಾವಾಹಿಯ ಸೊಸೆಯರನ್ನೂ ಬೈಯುತ್ತಿರಲಿಲ್ಲ. ಒಳಗೆ ಕಾಯಿಲೆ ಬೆಳೆದು ಗೊತ್ತಾಗುವ ಹೊತ್ತಿಗೆ ಕೈ ಮೀರಿತ್ತು. ಎದುರಿಗೆ ಕೂತವರ ಮುಖ ನೋಡಿ ಹೊಟ್ಟೆಯೊಳಗಿನದನ್ನು ತಿಳಿಯುತ್ತಿದ್ದವರು ತಮ್ಮದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ, ಅವರ ಮೇಲೆಯೇ.

ಮಣ್ಣಿಗೆ ಹೆಚ್ಚು ಜನ ಇರಲಿಲ್ಲ. ನಮ್ಮ ವಿಶ್ವವಿದ್ಯಾಲಯದಿಂದ ನಾನೊಬ್ಬನೇ. ಹಳೆಯ ವಿದ್ಯಾರ್ಥಿಗಳು ಮೂರು ನಾಲ್ಕು ಮಂದಿ, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಹೊಲದ ಬದುವಿನ ಆಚೆ, ರಸ್ತೆಯ ಪಕ್ಕ ಒಂದು ಕಾರು ನಿಲ್ಲಿಸಿಕೊಂಡು ಬೂದಿಗೆರೆಯ ಆತ ಒಬ್ಬನೇ ನಿಂತಿದ್ದ. ಹತ್ತಿರ ಬರಲಿಲ್ಲ, ಹಿಡಿ ಮಣ್ಣೂ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ ನಾನೇ ಹೋದೆ. ಕೂದಲು ಪೂರಾ ಬೆಳ್ಳಗಾಗಿತ್ತು. ಕಾರಿನೊಳಗೆ ಒಬ್ಬ ಹುಡುಗಿ ಕೂತಿದ್ದಳು, ಕಿವಿಗೆ ವೈರು ಸಿಕ್ಕಿಸಿಕೊಂಡು.

"ಚಿಕ್ಕ ಮಗಳು ಸಾರ್," ಎಂದ. "ನರ್ಸಿಂಗ್ ಓದ್ತಾವ್ಳೆ. ಹೋದ ವರ್ಷ ಇವ್ಳೂ ಅನ್ನ ಬಿಟ್ಲು, ಮಾತು ಬಿಟ್ಲು. ತನ್ನ ಬಟ್ಟೆಬರೆನೆಲ್ಲ ಚಿಕ್ಕಪ್ಪನ ಮಗಳಿಗೆ ಕೊಟ್ಬಿಟ್ಲು. ನಾನು ಒಂದು ದಿನಾನೂ ಕಾಯ್ಲಿಲ್ಲ. ಎತ್ತಿ ಗಾಡೀಲಿ ಕೂರಿಸ್ಕೊಂಡು ಬೆಂಗಳೂರಿಗೆ ಹೋದೆ. ಈಗ ಮಾತ್ರೆ ಐತೆ, ಡಾಕ್ಟ್ರು ಅವ್ರೆ. ಒಬ್ಳನ್ನೇ ಮನೇಲಿ ಬಿಡೋಕೆ ಇನ್ನೂ ಧೈರ್ಯ ಇಲ್ಲ, ಅದಕ್ಕೇ ಜೊತೇಲಿ ಕರ್ಕೊಂಡು ಬಂದೆ."

"ಹತ್ತಿರ ಬರಬಹುದಿತ್ತಲ್ಲ, ಮಣ್ಣು ಹಾಕಬಹುದಿತ್ತು," ಎಂದೆ.

"ಸಿಟ್ಟು ಹೋಗಿಲ್ಲ ಸಾರ್ ಆಯಮ್ಮನ ಮೇಲೆ. ಅವತ್ತು ಬಂದು ನಿಜ ಹೇಳಿದ್ಮೇಲೆ ನಾನು ಒಂದಿನಾನೂ ನೆಟ್ಟಗೆ ನಿದ್ದೆ ಮಾಡಿಲ್ಲ. ಕಣ್ಮುಚ್ಚಿದ್ರೆ ಆ ಫೋನೇ ಬರ್ತದೆ. ಆಸ್ಪತ್ರೆ ಮುಂದೆ ಹೇಳಿದ್ರಲ್ಲ, ಆ ಸುಳ್ಳಲ್ಲೇ ಬಿಟ್ಟಿದ್ರೆ ಏನಾಗ್ತಿತ್ತು ಹೇಳಿ?"

ಆತ ತಿರುಗಿ ಕಾರಿನ ಗಾಜಿನೊಳಗೆ ನೋಡಿದ. ಹುಡುಗಿ ಕಿವಿಯಿಂದ ವೈರು ತೆಗೆದು, ಹೋಗೋಣ ಬಾ ಎಂದು ಅಪ್ಪನಿಗೆ ಕೈ ಮಾಡಿದಳು.

"ಗೊತ್ತು ನಂಗೆ ಏನಾಗ್ತಿತ್ತು ಅಂತ," ಎಂದ. "ಗೊತ್ತಿರೋದಕ್ಕೇ ಸಾರ್, ಈ ಸಿಟ್ಟು ಹೋಗ್ತಿಲ್ಲ."